ಪಾಸ್ ಔಟ್ ಆಗುವವರು ಯಾರು?

ಬೆಳಗಾವಿಯ ಉದ್ಯಮಬಾಗಕ್ಕೆ ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರ ರೆಸ್ಯೂಮೆಗಳಲ್ಲಿ ಒಂದು ವಾಕ್ಯ ಮೇಲಿಂದ ಮೇಲೆ ಕಾಣುತ್ತದೆ: ‘ಐ ಪಾಸ್ಡ್ ಔಟ್ ಇನ್ 2022.’ ಆ ವರ್ಷ ಓದು ಮುಗಿಸಿದೆ ಎಂಬುದು ಬರೆದವರ ಮನಸ್ಸಿನಲ್ಲಿರುವ ಮಾತು. ಇಲ್ಲಿನ ಮ್ಯಾನೇಜರಿಗೂ ಅದು ಹಾಗೆಯೇ ತಿಳಿಯುತ್ತದೆ. ಅದೇ ಹಾಳೆ ಲಂಡನ್ನಿಗೋ ಷಿಕಾಗೋಗೋ ಹೋದರೆ ಓದಿದವರಿಗೆ ಮೊದಲು ಹೊಳೆಯುವ ಅರ್ಥ ಬೇರೆ: ‘2022ರಲ್ಲಿ ಎಚ್ಚರ ತಪ್ಪಿ ಬಿದ್ದೆ.’ ಇದನ್ನೇ ಹಿಡಿದು ಮಕ್ಕಳನ್ನು ತರಗತಿಯಲ್ಲಿ ನಗೆಗೀಡು ಮಾಡುವ ಮಾಸ್ತರರಿದ್ದಾರೆ. ಅದು ನ್ಯಾಯವಲ್ಲ. ಈ ಬಳಕೆಗೆ ತನ್ನದೇ ಆದ ನೆಲೆಯಿದೆ. ಆ ನೆಲೆ ನಮ್ಮ ಖಾನಾಪುರದಲ್ಲೇ ಸಿಗುತ್ತದೆ.

ತಪ್ಪು ಕಲ್ಪನೆ: ‘ಪಾಸ್ ಔಟ್’ ಭಾರತೀಯರು ಕಟ್ಟಿಕೊಂಡ ತಪ್ಪು ಇಂಗ್ಲಿಷ್

ಸತ್ಯ: ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಕಾನ್‌ಸ್ಟೆಬಲ್ ಕೆಲಸಕ್ಕೆ ಆಯ್ಕೆಯಾದ ಪ್ರಶಿಕ್ಷಣಾರ್ಥಿಗಳು ಒಳಾಂಗಣ, ಹೊರಾಂಗಣ ಪಾಠಗಳನ್ನೆಲ್ಲ ಮುಗಿಸಿದ ಮೇಲೆ ಒಂದು ಬೆಳಿಗ್ಗೆ ಮೈದಾನದಲ್ಲಿ ಸಾಲುಗಟ್ಟುತ್ತಾರೆ. ಇಸ್ತ್ರಿ ಮುರಿಯದ ಖಾಕಿ, ಮಿರುಗುವ ಬೂಟು. ಮುಖ್ಯ ಅತಿಥಿ ಪರೇಡ್ ವೀಕ್ಷಿಸುತ್ತಾರೆ, ಪ್ರತಿಜ್ಞಾವಿಧಿ ಆಗುತ್ತದೆ, ತುಕಡಿಗಳು ವೇದಿಕೆಗೆ ವಂದಿಸುತ್ತ ಹಾದುಹೋಗುತ್ತವೆ. ಸುತ್ತ ಊರಿಂದ ಬಂದ ಅವ್ವ ಅಪ್ಪಂದಿರು ತಮ್ಮ ಮಗ ಯಾವ ಸಾಲಿನಲ್ಲಿದ್ದಾನೆಂದು ಹುಡುಕುತ್ತಿರುತ್ತಾರೆ. ಆಮಂತ್ರಣ ಪತ್ರಿಕೆಯ ಕನ್ನಡದಲ್ಲಿ ಇದು ನಿರ್ಗಮನ ಪಥಸಂಚಲನ. ಇಂಗ್ಲಿಷಿನಲ್ಲಿ ‘ಪಾಸಿಂಗ್ ಔಟ್ ಪರೇಡ್’.

ಬೆಳಗಾವಿಯ ಮರಾಠಾ ಲಘು ಪದಾತಿದಳದ ರೆಜಿಮೆಂಟ್ ಕೇಂದ್ರದಲ್ಲೂ ತರಬೇತಿ ಮುಗಿಸಿದ ಸೈನಿಕರಿಗೆ ಇದೇ ಮಾತು. 1932ರಲ್ಲಿ ಶುರುವಾದ ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿಯಲ್ಲೂ ಇದೇ. ಅಲ್ಲಿ ಕೆಡೆಟ್‌ಗಳು ಪರೇಡಿನ ಕೊನೆಗೆ ‘ಅಂತಿಮ್ ಪಗ್’ ಎಂಬ ಹೆಜ್ಜೆಯನ್ನು ದಾಟಿದರೆ ಅಧಿಕಾರಿಗಳಾದ ಹಾಗೆ. ಇದು ಬ್ರಿಟಿಷ್ ಸೈನ್ಯದ ಮಾತು. ಸೈನಿಕ ತರಬೇತಿ ಮುಗಿಸಿ ಹೊರಬೀಳುವುದು ಎಂಬ ಅರ್ಥವನ್ನು ಆಕ್ಸ್‌ಫರ್ಡ್ ನಿಘಂಟುಗಳು ಇಂದಿಗೂ ಕೊಡುತ್ತವೆ. ಹಾಗಾಗಿ ಖಾನಾಪುರದಿಂದ ಹೊರಬಿದ್ದ ಹೊಸ ಕಾನ್‌ಸ್ಟೆಬಲ್ ‘ಐ ಪಾಸ್ಡ್ ಔಟ್ ಫ್ರಮ್ ದಿ ಪೊಲೀಸ್ ಟ್ರೇನಿಂಗ್ ಸ್ಕೂಲ್’ ಎಂದರೆ ಯಾವ ವ್ಯಾಕರಣ ಪಂಡಿತನೂ ತಪ್ಪು ಹುಡುಕಲಾರ.

ತಪ್ಪು ಕಲ್ಪನೆ: ಹಾಗಾದರೆ ಕಾಲೇಜಿಗೂ ಅದೇ ನಡೆಯುತ್ತದೆ

ಸತ್ಯ: ನಮ್ಮ ದೇಶದೊಳಗೆ ನಡೆಯುತ್ತದೆ, ಹೊರಗೆ ಎಡವುತ್ತದೆ. ಖಾನಾಪುರದಿಂದ ಬೆಳಗಾವಿಗೆ ಬರುವ ದಾರಿಯಲ್ಲಿ ಮಚ್ಛೆ ಸಿಗುತ್ತದೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಅಲ್ಲಿದೆ. ಅಲ್ಲಿ ನಡೆಯುವುದು ಘಟಿಕೋತ್ಸವ, ಪಥಸಂಚಲನವಲ್ಲ. ಪದವಿ ಪಡೆದವರಿಗೆ ಇಂಗ್ಲಿಷಿನಲ್ಲಿರುವ ಕ್ರಿಯಾಪದ ‘ಗ್ರಾಜುಯೇಟ್’. ‘ಐ ಗ್ರಾಜುಯೇಟೆಡ್ ಇನ್ 2022’ ಎಂದು ಬರೆದರೆ ಎಲ್ಲಿ ಓದಿದರೂ ಒಂದೇ ಅರ್ಥ. ಕಾಲೇಜಿನ ಹೆಸರು ಬಂದರೆ ನಡುವೆ ‘ಫ್ರಮ್’ ಸೇರಲಿ.

ಐಟಿಐ, ಡಿಪ್ಲೊಮಾ ಮಾಡಿದವರ ಪ್ರಶ್ನೆ ಇನ್ನೂ ಸೂಕ್ಷ್ಮ. ಬ್ರಿಟಿಷರು ‘ಗ್ರಾಜುಯೇಟ್’ ಎಂಬುದನ್ನು ಹೆಚ್ಚಾಗಿ ಪದವಿಗೇ ಮೀಸಲಿಡುತ್ತಾರೆ; ಅಮೆರಿಕದವರು ಹೈಸ್ಕೂಲು ಮುಗಿಸಿದವರಿಗೂ ಹೇಳುತ್ತಾರೆ. ಎರಡರ ಗೊಡವೆಯೂ ಬೇಡವೆಂದರೆ ‘ಐ ಕಂಪ್ಲೀಟೆಡ್ ಮೈ ಡಿಪ್ಲೊಮಾ ಇನ್ 2022’ ಎನ್ನಿ, ಎಲ್ಲೂ ತೊಡಕಿಲ್ಲ. ‘ಐ ಆ್ಯಮ್ ಎ 2022 ಪಾಸ್‌ಔಟ್’ ಎಂದು ಇದನ್ನೇ ನಾಮಪದ ಮಾಡಿ ಬರೆಯುವುದು ಬೇಡ. ಬೆಂಗಳೂರಿನ ಕಂಪನಿಗಳ ಜಾಹೀರಾತುಗಳೇ ಹಾಗೆ ಬರೆಯುತ್ತವೆ, ನಿಜ; ಆ ಕಂಪನಿಗಳ ವಿದೇಶಿ ಗ್ರಾಹಕರಿಗೆ ಆ ಪ್ರಯೋಗ ಗುರುತು ಸಿಗುವುದು ಕಷ್ಟ.

ತಪ್ಪು ಕಲ್ಪನೆ: ‘ಔಟ್’ ತೆಗೆದುಬಿಟ್ಟರೆ ಮುಗಿಯಿತು, ‘ಐ ಪಾಸ್ಡ್ ಇನ್ ದಿ ಎಕ್ಸಾಮ್’ ಸರಿ

ಸತ್ಯ: ಹೆಚ್ಚು ಜನ ಎಡವುವುದು ಇಲ್ಲಿಯೇ, ಮತ್ತು ಇದನ್ನು ಶಾಲೆಯಲ್ಲಿ ಬಿಡಿಸಿ ಹೇಳುವವರು ಕಡಿಮೆ. ನಾವು ‘ಪರೀಕ್ಷೆಯಲ್ಲಿ ಪಾಸಾದೆ’ ಎನ್ನುತ್ತೇವೆ. ಆ ‘ಅಲ್ಲಿ’ ಎಂಬ ವಿಭಕ್ತಿ ಪ್ರತ್ಯಯವೇ ಇಂಗ್ಲಿಷಿಗೆ ದಾಟುವಾಗ ‘ಇನ್’ ಆಗಿ ನುಸುಳುತ್ತದೆ. ಖಾನಾಪುರ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ಮಾಧ್ಯಮದ ಶಾಲೆಗಳಿವೆ. ‘ಪರೀಕ್ಷೇತ ಪಾಸ್ ಝಾಲೋ’ ಎನ್ನುವ ಮರಾಠಿ ಮಗುವಿಗೂ ಇದೇ ತೊಂದರೆ. ಇಂಗ್ಲಿಷಿನ ‘ಪಾಸ್’ ಇಲ್ಲಿ ಸಕರ್ಮಕ ಕ್ರಿಯಾಪದ. ಲ್ಯಾಟಿನ್ನಿನ ಹೆಜ್ಜೆ ಎಂಬ ಅರ್ಥದ ಪದದಿಂದ ಬಂದದ್ದು. ಪರೀಕ್ಷೆಯನ್ನು ದಾಟಿದೆ ಎಂದುಕೊಂಡರೆ ‘ಇನ್’ ತಾನಾಗಿಯೇ ಬಿದ್ದುಹೋಗುತ್ತದೆ: ‘ಐ ಪಾಸ್ಡ್ ದಿ ಎಕ್ಸಾಮ್’. ‘ಪಾಸ್’ ನಾಮಪದವಾದಾಗ ಮಾತ್ರ ‘ಇನ್’ ಬೇಕು: ‘ಎ ಪಾಸ್ ಇನ್ ಮ್ಯಾಥ್ಸ್’. ಅದನ್ನು ಕೇಳಿದ ಕಿವಿ ಕ್ರಿಯಾಪದಕ್ಕೂ ಅದೇ ಹಚ್ಚುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕನ್ನಡದವರು ಪರೀಕ್ಷೆ ‘ಬರೆಯುತ್ತಾರೆ’, ಮರಾಠಿಯವರು ‘ದಿಲಿ’ ಎಂದು ‘ಕೊಡುತ್ತಾರೆ’. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬಳು ‘ಐ ರೋಟ್ ದಿ ಎಕ್ಸಾಮ್’, ಇನ್ನೊಬ್ಬಳು ‘ಐ ಗೇವ್ ದಿ ಎಕ್ಸಾಮ್’ ಎನ್ನುವುದು ಇದರಿಂದ. ಮೊದಲನೆಯದು ಕೆನಡಾ, ದಕ್ಷಿಣ ಆಫ್ರಿಕಾಗಳಲ್ಲೂ ಬಳಕೆಯಲ್ಲಿದೆ, ಅಳುಕಬೇಕಿಲ್ಲ. ಎರಡನೆಯದನ್ನು ಇಂಗ್ಲಿಷಿನವರು ಕೇಳಿದರೆ ಪ್ರಶ್ನೆಪತ್ರಿಕೆ ಕೊಟ್ಟ ಶಿಕ್ಷಕಿಯೆಂದು ತಿಳಿಯುತ್ತಾರೆ. ‘ಟುಕ್ ದಿ ಎಕ್ಸಾಮ್’ ಎಂದರೆ ಇಬ್ಬರಿಗೂ ಸಲ್ಲುತ್ತದೆ.

ತಪ್ಪು ಕಲ್ಪನೆ: ‘ಪಾಸ್ ಔಟ್’, ‘ಪಾಸ್ ಅವೇ’ ಹೆಚ್ಚು ಕಡಿಮೆ ಒಂದೇ

ಸತ್ಯ: ‘ಪಾಸ್ ಔಟ್’ ಎಂದರೆ ಚಕ್ಕರ್ ಬಂದು ಬೀಳುವುದು, ಸ್ವಲ್ಪ ಹೊತ್ತಿಗೆ ಎಚ್ಚರಾಗುವುದು. ಪರೇಡ್ ಮೈದಾನದಲ್ಲೇ ಇದೂ ಆಗುವುದುಂಟು. ತಾಸುಗಟ್ಟಲೆ ಸೆಟೆದು ನಿಂತಾಗ ಮೀನಖಂಡದ ಸ್ನಾಯು ಅಲುಗಾಡದೆ ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ಮಿದುಳಿಗೆ ಸಾಕಾಗುವುದಿಲ್ಲ. ಬೂಟಿನೊಳಗೆ ಕಾಲ್ಬೆರಳು ಆಡಿಸುತ್ತಿರು ಎಂದು ಸಿಪಾಯಿಗಳಿಗೆ ಹೇಳಿಕೊಡುವುದು ಇದೇ ಕಾರಣಕ್ಕೆ.

‘ಪಾಸ್ ಅವೇ’ ಎಂದರೆ ತೀರಿಕೊಳ್ಳುವುದು. ಸಾವು ಎಂಬ ಗಡಸು ಮಾತನ್ನು ಬಿಟ್ಟು ಮೆದುವಾಗಿ ಹೇಳುವ ರೀತಿ, ನಮ್ಮ ‘ಹೋಗಿಬಿಟ್ಟರು’ ಇದ್ದ ಹಾಗೆ. ‘ಪಾಸ್ ಆನ್’ ಎಂಬುದಕ್ಕೂ ಈ ಅರ್ಥವಿದೆ. ಅಮೆರಿಕದಲ್ಲಿ ಬರೀ ‘ಪಾಸ್ಡ್’ ಎಂದರೂ ಸಾಕು. ಅಜ್ಜ ತೀರಿಕೊಂಡ ದಿನ ರಜೆಯ ಇಮೇಲಿನಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಪಾಸ್ಡ್ ಔಟ್’ ಎಂದು ಬರೆದರೆ, ದೂರದ ಊರಿನ ಮೇಲಧಿಕಾರಿ ‘ಈಗ ಹೇಗಿದ್ದಾರೆ?’ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಬರೆಯುವ ಸಂಕಟ ಯಾರಿಗೂ ಬೇಡ. ಅಲ್ಲಿ ಬರೆಯಬೇಕಾದದ್ದು ‘ಪಾಸ್ಡ್ ಅವೇ’.