ಹಳೆಯ ಚೂರಿಯ ವಯಸ್ಸು ತಿಳಿಯುವ ಬಗೆ

ಕೈಯಿಂದ ಮಾಡಿದ ಹಳೆಯ ಚೂರಿಯೊಂದು ಸಿಕ್ಕಾಗ ಎರಡು ಪ್ರಶ್ನೆ ಏಳುತ್ತವೆ: ಇದು ಯಾವ ಬಗೆಯದು, ಯಾವ ಕಾಲದ್ದು? ಬಗೆ ತಿಳಿದರೆ ಕಾಲವೂ ತಿಳಿದಂತೆ ಎಂಬ ಎಣಿಕೆಯಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ. ಬಗೆಯನ್ನು ಚೂರಿಯ ವಸ್ತು, ಆಕಾರ ಮತ್ತು ಮಾಡಿದ ಕ್ರಮದಿಂದ ಗುರುತಿಸಬಹುದು. ಕಾಲವನ್ನು ನಿರ್ಧರಿಸಲು ಅದು ಹೂತಿದ್ದ ಮಣ್ಣು, ಅದರ ಪಕ್ಕದಲ್ಲಿ ಸಿಕ್ಕ ಹಲ್ಲು, ಮೂಳೆ, ಇದ್ದಿಲು, ಮಡಕೆಯ ಚೂರು ಬೇಕಾಗುತ್ತವೆ. ಮಣ್ಣಿನಿಂದ ಬೇರ್ಪಟ್ಟು ಮನೆಯ ಪೆಟ್ಟಿಗೆಯಲ್ಲಿ ಉಳಿದುಬಂದ ಚೂರಿಗೆ ಮಾತ್ರ ಬೇರೆ ದಾರಿ ಹಿಡಿಯಬೇಕು.

ಇದನ್ನೆಲ್ಲ ವಿವರಿಸಲು ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರ, ಹುಣಸಗಿ ಸೀಮೆಗಿಂತ ಒಳ್ಳೆಯ ನೆಲ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಕಲ್ಲಿನ ಅಲಗಿನಿಂದ ಹಿಡಿದು ಸುರಪುರದ ನಾಯಕರ ಕಾಲದ ಕಠಾರಿಯವರೆಗೆ, ಅಲ್ಲಿಂದ ಇಂದಿನ ಕಂಬಾರನ ಕುಲುಮೆಯ ಚೂರಿಯವರೆಗೆ ಎಲ್ಲವೂ ಇಲ್ಲಿನವೇ.

ಕಲ್ಲಿನ ಚೂರಿಯ ಗುರುತು

ಸುರಪುರದಿಂದ ಕೃಷ್ಣೆ ದಾಟಿದರೆ ಸಿಗುವ ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿ 1842ರಲ್ಲಿ ಡಾ. ಪ್ರಿಮ್‌ರೋಸ್ ಎಂಬ ಅಧಿಕಾರಿಗೆ ಕಲ್ಲಿನ ಚೂರಿಗಳೂ ಬಾಣದ ಮೊನೆಗಳೂ ದೊರೆತವು. ಭಾರತದಲ್ಲಿ ಇತಿಹಾಸಪೂರ್ವ ಕಾಲದ ಆಯುಧಗಳು ವಿದ್ವಾಂಸರ ಗಮನಕ್ಕೆ ಬಂದ ಅತಿ ಹಿಂದಿನ ಪ್ರಸಂಗಗಳಲ್ಲಿ ಇದೊಂದು. ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ್ದು ಅದಾದ 21 ವರ್ಷಗಳ ಮೇಲೆ, 1863ರಲ್ಲಿ.

ಒಡೆದ ಕಲ್ಲೆಲ್ಲ ಚೂರಿಯಲ್ಲ. ಹಳ್ಳದ ನೀರಿಗೆ ಉರುಳಿ, ಬಿಸಿಲಿಗೆ ಬಿರಿದು, ಗಾಡಿಯ ಚಕ್ರಕ್ಕೆ ಸಿಕ್ಕು ಒಡೆದ ಕಲ್ಲಿಗೂ ಹರಿತವಾದ ಅಂಚು ಬರಬಹುದು. ಮನುಷ್ಯನ ಕೈಯ ಏಟಿಗೆ ಗುರುತುಗಳಿವೆ. ಗುಂಡುಕಲ್ಲಿನಿಂದ ಅಂಚಿಗೆ ಓರೆಯಾಗಿ ಹೊಡೆದಾಗ ಸಿಡಿಯುವ ಚಕ್ಕೆಯ ಒಳಮೈಯಲ್ಲಿ, ಏಟು ಬಿದ್ದ ಜಾಗದ ಕೆಳಗೆ, ಸಣ್ಣ ಉಬ್ಬು ಮೂಡುತ್ತದೆ. ಅಲ್ಲಿಂದ ಸುತ್ತಲೂ ಕಮಾನಿನಂಥ ಗೆರೆಗಳು ಹರಡಿರುತ್ತವೆ. ಚಕ್ಕೆಯ ಹೊರಮೈಯಲ್ಲಿ ಅದಕ್ಕೂ ಮುಂಚೆ ಎದ್ದುಹೋದ ಚಕ್ಕೆಗಳ ತಗ್ಗುಗಳು ಕಾಣುತ್ತವೆ. ಈ ತಗ್ಗುಗಳು ಒಂದು ಕ್ರಮದಲ್ಲಿ, ಒಂದೇ ಉದ್ದೇಶದತ್ತ ಸಾಗಿದ್ದರೆ ಅದು ಮನುಷ್ಯನ ಕೆಲಸ.

ಹಳೆಯ ಶಿಲಾಯುಗದ ಉಪಕರಣಗಳಲ್ಲಿ ಕೈಗೊಡಲಿ, ಸೀಳುಗೊಡಲಿಗಳ ಜೊತೆಗೆ ಚೂರಿಯನ್ನೂ ವಿದ್ವಾಂಸರು ಪ್ರತ್ಯೇಕ ಬಗೆಯಾಗಿ ಎಣಿಸುತ್ತಾರೆ. ದೊಡ್ಡ ಚಕ್ಕೆಯ ಒಂದು ಬದಿ ಉದ್ದಕ್ಕೂ ಹರಿತವಾಗಿರುತ್ತದೆ. ಎದುರು ಬದಿ ದಪ್ಪಗೆ, ಮೊಂಡಾಗಿ ಇರುತ್ತದೆ, ಅಥವಾ ಬೇಕೆಂದೇ ಮೊಂಡು ಮಾಡಿರುತ್ತಾರೆ. ಅಂಗೈಗೆ ಒತ್ತುವುದು ಆ ಮೊಂಡು ಬೆನ್ನು. ಬಾಯಿ ಮತ್ತು ಬೆನ್ನು ಎಂಬ ಈ ಜೋಡಣೆ ಅಡುಗೆಮನೆಯ ಚಾಕುವಿನಲ್ಲಿ ಇಂದಿಗೂ ಹಾಗೆಯೇ ಉಳಿದಿದೆ.

ಇಸಾಂಪುರದ ಕಾಲನಿರ್ಣಯ

ಹುಣಸಗಿ ಕಣಿವೆಯ ಇಸಾಂಪುರವನ್ನು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ 1983ರಲ್ಲಿ ಗುರುತಿಸಿದರು. 1990ರ ದಶಕದ ಕೊನೆಯಲ್ಲಿ ಅಲ್ಲಿ ವ್ಯವಸ್ಥಿತ ಉತ್ಖನನ ನಡೆಯಿತು. ಆಯುಧಗಳನ್ನು ಅಲ್ಲೇ ಮಾಡುತ್ತಿದ್ದರು, ಕಲ್ಲನ್ನೂ ಅಲ್ಲೇ ಎತ್ತುತ್ತಿದ್ದರು ಎಂಬುದು ಈ ನೆಲೆಯ ವಿಶೇಷ. ಶಹಾಬಾದ್ ಕಲ್ಲೆಂದು ಮನೆಮನೆಯ ನೆಲಕ್ಕೆ ಹಾಸುವ ಸುಣ್ಣದಕಲ್ಲು ಯಾವ ಭೀಮಾ ಶಿಲಾಸಮೂಹಕ್ಕೆ ಸೇರಿದೆಯೋ ಅದೇ ಸಮೂಹದ, ಸಿಲಿಕಾ ಸೇರಿ ಗಟ್ಟಿಯಾದ ಚಪ್ಪಡಿಗಳು ಇಲ್ಲಿವೆ. ಸಹಜವಾಗಿ ಬಿರುಕುಬಿಟ್ಟ ಚಪ್ಪಡಿಗಳನ್ನು ಆದಿಮಾನವರು ಮೀಟಿ ಎತ್ತಿದರು. ದಪ್ಪ ಚಪ್ಪಡಿಯ ಅಂಚಿಗೆ ಬೆಣಚು, ಬಸಾಲ್ಟ್, ಚರ್ಟ್ ಗುಂಡುಗಳಿಂದ ಹೊಡೆದು ದೊಡ್ಡ ಚಕ್ಕೆಗಳನ್ನು ತೆಗೆದರು. ಆ ಚಕ್ಕೆಗಳಿಂದ ಸೀಳುಗೊಡಲಿ, ಚೂರಿಗಳಾದವು. ತೆಳು ಚಪ್ಪಡಿಗಳನ್ನು ಎರಡೂ ಮೈಗಳಿಂದ ಕೆತ್ತಿ ಕೈಗೊಡಲಿ ಮಾಡಿದರು. ಅರ್ಧಕ್ಕೆ ಬಿಟ್ಟ ಉಪಕರಣ, ಮುಗಿದ ಉಪಕರಣ, ಹೊಡೆಯುವ ಗುಂಡು, ಸಿಡಿದ ಚೂರು ಎಲ್ಲವೂ ಒಂದೆಡೆ ಸಿಕ್ಕಿದ್ದರಿಂದ ಕೆಲಸದ ಹಂತಗಳು ಸ್ಪಷ್ಟವಾದವು.

ಇಲ್ಲಿನ ಕಾಲವನ್ನು ಕಲ್ಲಿನಿಂದ ಅಳೆಯಲಿಲ್ಲ. ಸುಣ್ಣದಕಲ್ಲು ಹುಟ್ಟಿದ್ದು ಮನುಷ್ಯ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮುಂಚೆ. ಕಲ್ಲಿನ ವಯಸ್ಸಿಗೂ ಚೂರಿಯ ವಯಸ್ಸಿಗೂ ಸಂಬಂಧವಿಲ್ಲ. ಆಯುಧಗಳಿದ್ದ ಪದರದಲ್ಲೇ ದನದ ಜಾತಿಯ ಪ್ರಾಣಿಗಳ ಹಲ್ಲುಗಳೂ ದೊರೆತಿದ್ದವು. ಅವುಗಳ ಎನಾಮೆಲ್ ಮೇಲೆ ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ವಿಧಾನವನ್ನು ಬಳಸಲಾಯಿತು. ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಎನಾಮೆಲಿನ ಹರಳುಗಳೊಳಗೆ ಎಲೆಕ್ಟ್ರಾನುಗಳನ್ನು ಸಿಕ್ಕಿಹಾಕಿಸುತ್ತ ಹೋಗುತ್ತದೆ. ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ಒಟ್ಟು ಪ್ರಮಾಣವನ್ನು ಅಳೆದು, ವರ್ಷಕ್ಕೆ ಎಷ್ಟು ವಿಕಿರಣ ತಗುಲುತ್ತಿತ್ತು ಎಂಬ ಲೆಕ್ಕದಿಂದ ಭಾಗಿಸಿದರೆ ಹಲ್ಲು ಹೂತು ಎಷ್ಟು ಕಾಲವಾಯಿತೆಂದು ಗೊತ್ತಾಗುತ್ತದೆ. ಇಸಾಂಪುರದ ಹಲ್ಲುಗಳು ಸುಮಾರು ಹನ್ನೆರಡು ಲಕ್ಷ ವರ್ಷಗಳ ವಯಸ್ಸನ್ನು ಕೊಟ್ಟವು.

ಅದಕ್ಕೆ ಮುಂಚೆ ಇದೇ ಕಣಿವೆಯ ಬೇರೆ ನೆಲೆಗಳ ಪಳೆಯುಳಿಕೆಗಳನ್ನು ಯುರೇನಿಯಂ-ಥೋರಿಯಂ ವಿಧಾನದಿಂದ ಅಳೆದಾಗ ಮೂರು ಲಕ್ಷ ವರ್ಷಗಳ ಆಸುಪಾಸಿನ ಕಾಲಗಳು ಬಂದಿದ್ದವು. ಆಗ ಬಳಸಿದ ವಿಧಾನ ಸುಮಾರು ಮೂರೂವರೆ ಲಕ್ಷ ವರ್ಷಗಳಾಚೆ ಅಳೆಯಲಾರದು. ಹೀಗೆ ಒಂದು ವಿಧಾನ ಕೊಡುವ ಉತ್ತರದ ಜೊತೆಗೆ ಅದರ ಮಿತಿಯನ್ನೂ ಓದಬೇಕಾಗುತ್ತದೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಬೇರೊಂದು ವಿಧಾನದಿಂದ ಸುಮಾರು 15 ಲಕ್ಷ ವರ್ಷಗಳ ಕಾಲ 2011ರಲ್ಲಿ ಪ್ರಕಟವಾದ ಮೇಲೆ, ದಕ್ಷಿಣ ಭಾರತದ ಈ ಆಯುಧಗಳು ಹತ್ತು ಲಕ್ಷ ವರ್ಷಕ್ಕಿಂತ ಹಿಂದಿನವೆಂಬ ಮಾತಿಗೆ ಬಲ ಬಂದಿತು.

ಬೂದಿಹಾಳದ ಸಣ್ಣ ಅಲಗುಗಳು

ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವಿದೆ. ಸಗಣಿ ಕೂಡಿಟ್ಟು ಸುಟ್ಟು ಬೆಳೆದ ದಿಬ್ಬ ಅದು. ಪದ್ದಯ್ಯ ಅವರು ಇಲ್ಲಿ ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿ, ಪ್ರಾಣಿಗಳನ್ನು ಕೊಯ್ದ ನೆಲ, ಚರ್ಟ್ ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಜಾಗ ಕಂಡುಬಂದವು. ಕೊಯ್ಯುವ ಕೆಲಸ ಮತ್ತು ಕೊಯ್ಯುವ ಸಾಧನ ಒಂದೇ ಊರಿನಲ್ಲಿ ಸಿಕ್ಕಿದ ಅಪರೂಪದ ನೆಲೆ ಇದು.

ಈ ಕಾಲದ ಅಲಗು ಇಸಾಂಪುರದ್ದಕ್ಕಿಂತ ತೀರ ಬೇರೆ. ಚರ್ಟ್ ಗಟ್ಟಿಯನ್ನು ಹದವಾಗಿ ಸಿದ್ಧಮಾಡಿಕೊಂಡು, ಅದರಿಂದ ಒಂದರ ಮೇಲೊಂದು ಉದ್ದನೆಯ ತೆಳು ಪಟ್ಟಿಗಳನ್ನು ಎಬ್ಬಿಸುತ್ತಿದ್ದರು. ಪಟ್ಟಿಯ ಎರಡು ಅಂಚುಗಳು ಸಮಾನಾಂತರವಾಗಿ ಸಾಗುತ್ತವೆ. ಬೆನ್ನ ಮೇಲೆ ಒಂದೋ ಎರಡೋ ಏಣುಗಳಿರುತ್ತವೆ. ಇಂಥ ಪಟ್ಟಿಗಳನ್ನು ಮರ ಅಥವಾ ಮೂಳೆಯ ಹಿಡಿಯಲ್ಲಿ ಕೊರೆದ ತೋಡಿನಲ್ಲಿ ಅಂಟಿನಿಂದ ಕೂರಿಸಿದರೆ ಚೂರಿಯೋ ಕುಡುಗೋಲೋ ಆಗುತ್ತದೆ. ಹಿಡಿ ಮಣ್ಣಾಗಿ ಹೋಗಿ ಅಲಗು ಮಾತ್ರ ಉಳಿಯುವುದರಿಂದ, ಕೈಗೆ ಸಿಗುವ ಚಿಕ್ಕ ಪಟ್ಟಿ ಇಡೀ ಚೂರಿಯ ಒಂದು ಭಾಗವಷ್ಟೇ ಎಂಬುದು ನೆನಪಿರಬೇಕು. ಹುಲ್ಲು, ಪೈರು ಕೊಯ್ದ ಅಂಚಿಗೆ ವಿಶಿಷ್ಟವಾದ ಹೊಳಪು ಬರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಳಕೆಯನ್ನು ಊಹಿಸಬಹುದು.

ಇಲ್ಲಿ ಕಾಲ ಹೇಳುವುದು ಇದ್ದಿಲು. ಜೀವಿ ಸತ್ತ ಮೇಲೆ ಅದರ ದೇಹದ ಕಾರ್ಬನ್-14 ಸುಮಾರು 5,730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಪಾಲನ್ನು ಅಳೆದು ವಯಸ್ಸು ತೆಗೆಯುವ ಈ ವಿಧಾನ ಸುಮಾರು 50,000 ವರ್ಷಗಳವರೆಗೆ ಮಾತ್ರ ನಡೆಯುತ್ತದೆ. ಬೂದಿಹಾಳದ ವಸತಿ ಕ್ರಿ.ಪೂ. ಮೂರನೆಯ ಸಾವಿರಮಾನದ ಕೊನೆ ಮತ್ತು ಎರಡನೆಯ ಸಾವಿರಮಾನದ ಆರಂಭಕ್ಕೆ ಸೇರುತ್ತದೆ.

ಕಬ್ಬಿಣ ಬಂದ ಮೇಲೆ

ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್, 1850ರ ಹೊತ್ತಿಗೆ ಜೇವರ್ಗಿ ಮತ್ತು ಸುತ್ತಲಿನ ಕಲ್ಲುಗೋರಿಗಳನ್ನು ಅಗೆದು, ಮಡಕೆ, ಎಲುಬು, ಕಬ್ಬಿಣದ ಆಯುಧಗಳ ವಿವರಗಳನ್ನು ಪ್ರಕಟಿಸಿದರು. ಕಂಡ ಪದರಗಳ ನಕ್ಷೆಯನ್ನೂ ಬಿಡಿಸಿದ್ದು ಅವರ ಕೆಲಸದ ಹೆಚ್ಚುಗಾರಿಕೆ. ರಾಜನಕೋಳೂರಿನ ಕಲ್ಮನೆಗಳೂ ಅವರ ಬರಹದಿಂದ ಹೊರಜಗತ್ತಿಗೆ ಪರಿಚಯವಾದವು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದ ಮೇಲೆ ಈ ಗೋರಿಗಳ ಕಬ್ಬಿಣಕ್ಕೂ ಕಪ್ಪು-ಕೆಂಪು ಮಡಕೆಗಳಿಗೂ ಇರುವ ನಂಟು ಗಟ್ಟಿಯಾಯಿತು. ತುಕ್ಕು ತಿಂದು ಆಕಾರಗೆಟ್ಟ ಕಬ್ಬಿಣದ ಚೂರಿಯ ಕಾಲವನ್ನು ಪಕ್ಕದ ಮಡಕೆ ಹೇಳುವುದು ಹೀಗೆ.

ಮುಂದಿನ ಶತಮಾನಗಳಿಗೆ ಶಿಲ್ಪವೂ ಸಾಕ್ಷಿ ನುಡಿಯುತ್ತದೆ. ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ರಾಷ್ಟ್ರಕೂಟರ, ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆ. ಅಂಥ ಕಾಲದ ಶಿಲ್ಪಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ತೇದಿ ಇರುವ ವೀರಗಲ್ಲುಗಳಲ್ಲಿ, ವೀರನ ಸೊಂಟದ ಸುರಗಿಯ ಆಕಾರ, ಹಿಡಿಯ ರೂಪ, ಒರೆ ಕಟ್ಟುವ ರೀತಿ ಕಾಣುತ್ತವೆ. ಶಾಸನದ ವರ್ಷ ಗೊತ್ತಿದ್ದರೆ ಆ ಆಕಾರ ಆ ಹೊತ್ತಿಗೆ ಬಳಕೆಯಲ್ಲಿತ್ತೆಂದು ಹೇಳಬಹುದು. ಅದು ಆಮೇಲೆ ಎಷ್ಟು ಕಾಲ ಉಳಿಯಿತೆಂದು ಅದರಿಂದ ತಿಳಿಯುವುದಿಲ್ಲ.

ದಖ್ಖನಿನ ಸುಲ್ತಾನರು ಮತ್ತು ನಾಯಕರ ಕಾಲದ ಬಾಕು, ಕಠಾರಿಗಳಿಗೆ ಹಿಡಿಯೇ ಮುಖ್ಯ ಗುರುತು. ಕಠಾರಿಯ ಹಿಡಿ ಅಲಗಿಗೆ ಅಡ್ಡವಾಗಿದ್ದು ಮುಷ್ಟಿಯಲ್ಲಿ ಕೂರುತ್ತದೆ. ಎರಡೂ ಬದಿಯ ಪಟ್ಟಿಗಳು ಮಣಿಕಟ್ಟಿನತ್ತ ಚಾಚಿರುತ್ತವೆ. ಮುಷ್ಟಿಯ ಮೇಲೆ ರಕ್ಷಾಫಲಕ ಇರುವ ಕಠಾರಿಗಳು ಹೆಚ್ಚಾಗಿ 16-17ನೆಯ ಶತಮಾನಗಳ ದಕ್ಷಿಣದವು. ಅವುಗಳಲ್ಲಿ ಎಷ್ಟೋ ಅಲಗುಗಳು ಯುರೋಪಿನಿಂದ ಬಂದ ಕತ್ತಿಗಳನ್ನು ತುಂಡರಿಸಿ ಮಾಡಿದವು. ಹೀಗಾಗಿ ಹಿಡಿ ಒಂದು ದೇಶದ್ದು, ಅಲಗು ಇನ್ನೊಂದು ದೇಶದ್ದು ಆಗಿರಬಹುದು.

ದಕ್ಷಿಣ ಭಾರತದ ಮೂಸೆ ಉಕ್ಕಿನ ಅಲಗಿಗೆ ಮೈಮೇಲೆ ನೀರಿನ ಅಲೆಯಂಥ ಸಣ್ಣ, ಕ್ರಮವಿಲ್ಲದ ರೇಖೆಗಳಿರುತ್ತವೆ. ಕಬ್ಬಿಣವನ್ನು ಇಂಗಾಲದ ವಸ್ತುಗಳೊಡನೆ ಮುಚ್ಚಿದ ಮೂಸೆಯಲ್ಲಿ ಕರಗಿಸಿ ನಿಧಾನವಾಗಿ ತಣಿಸಿದ್ದರ ಫಲ ಅದು. ಬೇರೆ ಬೇರೆ ಉಕ್ಕಿನ ಪದರಗಳನ್ನು ಬೆಸೆದು ಬಡಿದ ಈಗಿನ ಮಾರಾಟದ ಅಲಗುಗಳಲ್ಲಿ ರೇಖೆಗಳು ಅಗಲವಾಗಿ, ಒಂದೇ ವಿನ್ಯಾಸದಲ್ಲಿ ಮರುಕಳಿಸುತ್ತವೆ. ಅಂಗಡಿಗಳಲ್ಲಿ ಎರಡಕ್ಕೂ ಡಮಾಸ್ಕಸ್ ಎಂಬ ಒಂದೇ ಹೆಸರು ನಡೆಯುವುದರಿಂದ ಮೋಸಹೋಗುವವರು ಹೆಚ್ಚು.

ಅತಿ ಹೊಸ ಭಾಗದ ನಿಯಮ

ಮನೆತನದಲ್ಲಿ ಉಳಿದುಬಂದ ಚೂರಿಗೆ ಮಣ್ಣಿನ ಸಾಕ್ಷ್ಯ ಇರುವುದಿಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದ 1858ರ ಹೋರಾಟದ ಕಾಲದ್ದು ಎಂಬಂಥ ಮಾತು ಇರಬಹುದು. ಆಯುಧ ಒಪ್ಪಿಸಬೇಕೆಂಬ ಕಾಯ್ದೆಯ ವಿರುದ್ಧ 1857ರಲ್ಲಿ ಹಲಗಲಿಯ ಬೇಡರು ದಂಗೆ ಎದ್ದದ್ದು ನಾಡಿಗೆಲ್ಲ ಗೊತ್ತು. ಅಂಥ ಕಾಯ್ದೆಗಳ ಕಾರಣದಿಂದಲೂ ಹಳೆಯ ಆಯುಧಗಳು ಅಪರೂಪವಾದವು. ಮನೆತನದ ಮಾತನ್ನು ತಳ್ಳಿಹಾಕಬೇಕಿಲ್ಲ, ಆದರೆ ವಸ್ತುವಿನೊಡನೆ ಅದು ಹೊಂದುತ್ತದೆಯೇ ಎಂದು ನೋಡಬೇಕು.

ಅದಕ್ಕೊಂದು ಸರಳ ನಿಯಮವಿದೆ: ಈಗಿರುವ ರೂಪದಲ್ಲಿ ಚೂರಿ ತನ್ನ ಅತಿ ಹೊಸ ಭಾಗಕ್ಕಿಂತ ಹಳೆಯದಾಗಿರಲಾರದು. ಹಿಡಿ ಬೇಕಲೈಟಿನದಾದರೆ ಆ ಹಿಡಿ 1907ಕ್ಕೆ ಈಚಿನದು. ಅಲಗು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನದಾದರೆ 1913ಕ್ಕೆ ಈಚಿನದು. ಅಲ್ಯೂಮಿನಿಯಂ ರಿವೆಟ್ಟು, ಯಂತ್ರದಲ್ಲಿ ಕೊರೆದ ಸ್ಕ್ರೂ, ವೆಲ್ಡಿಂಗ್ ಗುರುತು ಕೂಡ ಹೀಗೆಯೇ ಕಾಲದ ಗಡಿ ಹಾಕುತ್ತವೆ. ಲಾರಿಯ ಕಮಾನ್ ಪಟ್ಟಿಯನ್ನು ಕಾಯಿಸಿ ಬಡಿದು ಚೂರಿ, ಮಚ್ಚು ಮಾಡುವುದು ಕಂಬಾರರಲ್ಲಿ ಇಂದಿಗೂ ರೂಢಿ. ಅಂಥ ಅಲಗು ಮೋಟಾರು ವಾಹನಗಳು ಬಂದ ನಂತರದ್ದು, ಎಷ್ಟೇ ಹಳೆಯ ಮಾದರಿಯಲ್ಲಿರಲಿ.

ಹಿಡಿ ಹೊಸದಾದರೂ ಅಲಗು ಹಳೆಯದಾಗಿರುವ ಸಂಭವವೂ ಉಂಟು. ಆದ್ದರಿಂದ ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆಕಾರವೊಂದನ್ನೇ ನಂಬಲಾಗದು ಎಂಬುದಕ್ಕೆ ಕೊಡಗಿನ ಪೀಚೆಕತ್ತಿ ಒಳ್ಳೆಯ ನಿದರ್ಶನ. ಮದುವೆ, ಹಬ್ಬಗಳಲ್ಲಿ ಕೊಡವ ಗಂಡಸರು ಸೊಂಟಕ್ಕೆ ಸಿಕ್ಕಿಸುವ, ಬೆಳ್ಳಿ ಅಲಂಕಾರದ ಈ ಚೂರಿ ಇಂದಿಗೂ ತಯಾರಾಗುತ್ತದೆ. ನೋಡಿದ ಕೂಡಲೇ ಕೊಡಗಿನದೆಂದು ಹೇಳಬಹುದು, ಯಾವ ತಲೆಮಾರಿನದೆಂದು ಹೇಳಲು ಬೆಳ್ಳಿಯ ಕೆಲಸ, ಅಲಗಿನ ಸವೆತ, ಉಕ್ಕಿನ ಗುಣ ನೋಡಬೇಕು.

ಸವೆತ ನಿಜವಾದ ಬಳಕೆಯನ್ನು ತೋರಿಸುತ್ತದೆ. ನೂರಾರು ಸಲ ಸಾಣೆ ಹಿಡಿದ ಅಲಗಿನ ಬಾಯಿ ಒಳಕ್ಕೆ ಸರಿದು ಅಲಗು ಕಿರಿದಾಗಿರುತ್ತದೆ. ಹಿಡಿಯಲ್ಲಿ ಬೆರಳು ಕೂರುವ ಕಡೆ ಮಾತ್ರ ನಯವಾಗಿರುತ್ತದೆ. ಆಸಿಡ್ ಹಚ್ಚಿ ತಂದ ತುಕ್ಕು ಎಲ್ಲೆಡೆ ಒಂದೇ ಸಮನಾಗಿ, ಕಿತ್ತಳೆ ಬಣ್ಣದಲ್ಲಿ ಹರಡಿರುತ್ತದೆ. ಕಾಲ ತಂದ ತುಕ್ಕು ಕಂದುಗಪ್ಪಾಗಿ, ಒಂದೆಡೆ ಆಳವಾಗಿ ಇನ್ನೊಂದೆಡೆ ತೆಳುವಾಗಿ ಕಚ್ಚಿಕೊಂಡಿರುತ್ತದೆ.

ಕಣ್ಣಿಗೆ ನಿಲುಕದ್ದನ್ನು ಪ್ರಯೋಗಾಲಯ ತಿಳಿಸುತ್ತದೆ. ಕುಲುಮೆಯಲ್ಲಿ ಕರಗಿಸದೆ ಬಡಿದು ತೆಗೆದ ಹಳೆಯ ಕಬ್ಬಿಣದೊಳಗೆ ಕಿಟ್ಟದ ಎಳೆಗಳು ಉಳಿದಿರುತ್ತವೆ. 1856ರಲ್ಲಿ ಬೆಸೆಮರ್ ವಿಧಾನ ಬಂದ ಮೇಲಿನ ಕಾರ್ಖಾನೆ ಉಕ್ಕಿನಲ್ಲಿ ಅವು ಹಾಗೆ ಇರುವುದಿಲ್ಲ, ಬದಲಿಗೆ ಮ್ಯಾಂಗನೀಸ್ ಹೆಚ್ಚು. ಇದ್ದಿಲಿನಲ್ಲಿ ತಯಾರಾದ ಉಕ್ಕಿನೊಳಗಿನ ಇಂಗಾಲಕ್ಕೆ ಕಾರ್ಬನ್-14 ಪರೀಕ್ಷೆ ಮಾಡಬಹುದು. ಕಲ್ಲಿದ್ದಲಿನಿಂದ ತಯಾರಾದ ಉಕ್ಕಿಗೆ ಇದೇ ಪರೀಕ್ಷೆ ಹತ್ತಾರು ಸಾವಿರ ವರ್ಷಗಳ ಸುಳ್ಳು ವಯಸ್ಸು ಕೊಡುತ್ತದೆ, ಏಕೆಂದರೆ ಕಲ್ಲಿದ್ದಲಿನ ಕಾರ್ಬನ್-14 ಎಂದೋ ಕರಗಿಹೋಗಿದೆ. ಆ ಅಸಂಬದ್ಧ ಉತ್ತರವೇ ಅಲಗು ಕಲ್ಲಿದ್ದಲಿನ ಯುಗದ್ದೆಂದು ತಿಳಿಸಿಬಿಡುತ್ತದೆ.

ಸಿಕ್ಕಾಗ ಮಾಡಬೇಕಾದದ್ದು

ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ಅಲಗು ಕಂಡರೆ ಅದನ್ನು ಕೀಳುವ ಮೊದಲು ಇದ್ದ ಜಾಗದಲ್ಲೇ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯುವುದು, ಆಳ ಮತ್ತು ಮಣ್ಣಿನ ಬಣ್ಣ ಬರೆದಿಡುವುದು ಉತ್ತಮ. ಉಪ್ಪುಕಾಗದ, ಹುಣಸೆಹಣ್ಣು, ಆಸಿಡ್ ಹಾಕಿ ತಿಕ್ಕಬಾರದು. ತುಕ್ಕಿನ ಪದರದಲ್ಲಿ ಒರೆಯ ಮರ, ಬಟ್ಟೆ, ಚರ್ಮದ ಗುರುತು ಅಂಟಿರಬಹುದು. ತಿಕ್ಕಿದರೆ ಕಾಲ ಹೇಳುವ ಸಾಕ್ಷ್ಯವೇ ಅಳಿಯುತ್ತದೆ.

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ, ಮಾರಾಟದ ವ್ಯಾಪಾರಕ್ಕೆ ಪರವಾನಗಿ ಬೇಕು. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ರಾಜ್ಯ ಪುರಾತತ್ವ ಇಲಾಖೆ, ಸರ್ಕಾರಿ ವಸ್ತುಸಂಗ್ರಹಾಲಯಗಳ ತಜ್ಞರಿಂದ ಪರಿಶೀಲನೆ ಮಾಡಿಸಬಹುದು.

ಪರಿಶೀಲನೆಯ ಕೊನೆಗೆ ಸಿಗುವ ಉತ್ತರ ಒಂದೇ ವರ್ಷವಾಗಿರುವುದು ಅಪರೂಪ. ಅಲಗು 17ನೆಯ ಶತಮಾನದ್ದು, ಹಿಡಿ 19ರ ಕೊನೆಯದು, ಒರೆ ಇತ್ತೀಚಿನದು ಎಂಬಂತೆ ಭಾಗಕ್ಕೊಂದು ಕಾಲದ ಅವಧಿ ಬರುತ್ತದೆ. ಪ್ರತಿ ಅವಧಿಗೂ ಯಾವ ಸಾಕ್ಷ್ಯ ಆಧಾರವೆಂದು ಜೊತೆಗೇ ಬರೆದಿಟ್ಟರೆ ಆ ಕಾಲನಿರ್ಣಯವನ್ನು ಮುಂದೆ ಯಾರಾದರೂ ಪರೀಕ್ಷಿಸಿ ತಿದ್ದಲು ಸಾಧ್ಯ.