ಶೀಟಿನ ಧೂಳು ಮತ್ತು ಚಿಕಿತ್ಸೆಯ ಲೆಕ್ಕ

ನಮ್ಮ ಉದಯಗಿರಿ, ರಾಜೀವನಗರದ ಕಡೆ ಎಷ್ಟೋ ಮನೆ, ಶೆಡ್ಡು, ವರ್ಕ್‌ಶಾಪ್‌ಗಳ ಮೇಲೆ ಬೂದು ಬಣ್ಣದ ಸಿಮೆಂಟ್ ಶೀಟುಗಳನ್ನು ನೋಡುತ್ತೇವೆ. ಇಂತಹ ಅನೇಕ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ನಮ್ಮ ಮಾಮು ಹದಿನೈದು ವರ್ಷದಿಂದ ಶೀಟು ಕತ್ತರಿಸಿ, ತೂತು ಕೊರೆದು ಹಾಕುವ ಕೆಲಸ ಮಾಡುತ್ತಿದ್ದಾರೆ. ಆದ್ದರಿಂದಲೇ ನಾನು ಈ ವಿಷಯ ಓದಿದೆ. ಕಾಮರ್ಸ್ ವಿದ್ಯಾರ್ಥಿನಿಯಾದ್ದರಿಂದ ಖರ್ಚಿನ ಲೆಕ್ಕವನ್ನೂ ನೋಡಿದೆ.

ಶೀಟು ಗಟ್ಟಿಯಾಗಿದ್ದಾಗ ಅಪಾಯ ಕಡಿಮೆ. ಕತ್ತರಿಸಿದಾಗ, ಒಡೆದಾಗ ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಂದಿಗೆ ಒಳಗೆ ಹೋಗುತ್ತವೆ. ಇವುಗಳಿಂದ ಶ್ವಾಸಕೋಶದ ಹೊರಪದರಕ್ಕೆ ಬರುವ ಕ್ಯಾನ್ಸರ್‌ಗೆ ಮೀಸೋಥೀಲಿಯೋಮಾ ಎನ್ನುತ್ತಾರೆ. ಇದು ಅಪರೂಪದ ಕಾಯಿಲೆ. ಧೂಳು ಒಳಹೋಗಿ 20ರಿಂದ 50 ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಎದೆನೋವು, ಉಬ್ಬಸ, ಎದೆಯಲ್ಲಿ ನೀರು ತುಂಬುವುದು ಇದರ ಲಕ್ಷಣಗಳು.

ಚಿಕಿತ್ಸೆಗಳು ಮುಖ್ಯವಾಗಿ ನಾಲ್ಕು. ಎದೆಯ ನೀರು ತೆಗೆದು ನೋವು ಕಡಿಮೆ ಮಾಡುವುದು ಎಲ್ಲರಿಗೂ ಬೇಕು. ಶಸ್ತ್ರಚಿಕಿತ್ಸೆ ಕೆಲವರಿಗೆ ಮಾತ್ರ. ಮೂರನೆಯದು ಕೀಮೋಥೆರಪಿ: ಸಿಸ್‌ಪ್ಲಾಟಿನ್ ಮತ್ತು ಪೆಮೆಟ್ರೆಕ್ಸೆಡ್ ಇಂಜೆಕ್ಷನ್‌ಗಳನ್ನು 21 ದಿನಗಳಿಗೊಮ್ಮೆ ಕೊಡುತ್ತಾರೆ. ನಾಲ್ಕನೆಯದು ಇಮ್ಯುನೋಥೆರಪಿ, ಇದು ಬಹಳ ದುಬಾರಿ. ಇವು ಸಾಮಾನ್ಯವಾಗಿ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವುದಿಲ್ಲ, ಆಯುಷ್ಯವನ್ನು ಸ್ವಲ್ಪ ಹೆಚ್ಚಿಸುತ್ತವೆ.

ಈಗ ಲೆಕ್ಕ. ತಯಾರಕರು ಮಾರುವ ಬೆಲೆಗೂ ಎಂಆರ್‌ಪಿಗೂ ನಡುವಿನ ಅಂತರವೇ ಟ್ರೇಡ್ ಮಾರ್ಜಿನ್. 2019ರಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳಿಗೆ ಇದನ್ನು ಶೇ. 30ಕ್ಕೆ ಮಿತಿಗೊಳಿಸಿತು. ಆಗ ಪೆಮೆಟ್ರೆಕ್ಸೆಡ್‌ನ ಒಂದು ಬ್ರ್ಯಾಂಡಿನ 500 ಮಿ.ಗ್ರಾಂ ಬಾಟಲಿ 22,000 ರೂಪಾಯಿಯಿಂದ 2,800ಕ್ಕೆ, 100 ಮಿ.ಗ್ರಾಂ ಬಾಟಲಿ 7,700ರಿಂದ 800ಕ್ಕೆ ಇಳಿಯಿತು. ಒಬ್ಬರಿಗೆ ಪ್ರತಿಸಲ 800 ಮಿ.ಗ್ರಾಂ ಬೇಕೆಂದುಕೊಳ್ಳಿ. ಆರು ಸಲಕ್ಕೆ ಹಳೆಯ ಬೆಲೆಯಲ್ಲಿ 2,70,600 ರೂಪಾಯಿ. ಹೊಸ ಬೆಲೆಯಲ್ಲಿ 31,200. ಔಷಧ ಅದೇ, ಕಡಿಮೆಯಾದದ್ದು ಬೆಲೆ ಮಾತ್ರ. ಸ್ಕ್ಯಾನ್, ಬೆಡ್, ಬೆಂಗಳೂರಿನ ಕಿದ್ವಾಯಿಗೆ ಓಡಾಟ, ಹೋದ ದಿನಗೂಲಿ ಇದರಲ್ಲಿ ಸೇರಿಲ್ಲ.

ಹಣ ಎಲ್ಲಿಂದ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಭಾಗವನ್ನು ಸರ್ಕಾರ ಕೊಡುತ್ತದೆ. ಮೊದಲು ಕೆ.ಆರ್. ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಬರೆದುಕೊಡುತ್ತಾರೆ. ಕಾರ್ಖಾನೆಯವರಿಗೆ ಇಎಸ್ಐ ಇದೆ. ಕಲ್ನಾರಿನಿಂದ ಬಂದ ಮೀಸೋಥೀಲಿಯೋಮಾ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಇದೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಆದರೆ ಮಾಮುವಿನಂತಹವರಿಗೆ ಒಬ್ಬ ಮಾಲೀಕನಿಲ್ಲ, ಸ್ಯಾಲರಿ ಸ್ಲಿಪ್ ಇಲ್ಲ. ಮೂವತ್ತು ವರ್ಷದ ನಂತರ ಎಲ್ಲಿ ಧೂಳು ಕುಡಿದೆ ಎಂದು ತೋರಿಸುವುದು ಹೇಗೆ? ಅದಕ್ಕೇ ಈಗಲೇ ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಬೇಕು. ವರ್ಷದಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದವರು ನೋಂದಾಯಿಸಬಹುದು. ಮಾಮುವಿನ ಅರ್ಜಿಯನ್ನು ನಾನೇ ತುಂಬಿದ್ದೇನೆ.

ನಿಮ್ಮ ಮನೆಯಲ್ಲಿ ಈ ಕೆಲಸದವರಿದ್ದರೆ ಮೂರು ಮಾತು ಹೇಳಿ: ಶೀಟನ್ನು ನೀರು ಹಾಕಿ ಒದ್ದೆ ಮಾಡಿಯೇ ಕತ್ತರಿಸಿ. ಬಾಯಿಗೆ ಕಟ್ಟುವ ಕರವಸ್ತ್ರ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಬೇರೆಯಾಗಿ ಒಗೆಯಿರಿ. ಇದಕ್ಕೆ ಆಗುವ ಖರ್ಚು ತೀರಾ ಕಡಿಮೆ.