ನೂರೆಂಬತ್ತು ಮೀಟರ್ ದೂರದಿಂದಲೇ ಕಾಣಬೇಕು

ಹೆದ್ದಾರಿ ಅಗಲ ಮಾಡುವ ಕೆಲಸಕ್ಕೆ ಜೆಸಿಬಿ ಬರುವ ಎಷ್ಟೋ ಮೊದಲೇ ಸರ್ವೆಯರ್‌ಗಳು ಬಂದಿರುತ್ತಾರೆ. ಆಗ ಅಲ್ಲಿ ಬ್ಯಾರಿಕೇಡ್ ಇರುವುದಿಲ್ಲ, ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂಬ ಫಲಕವೂ ಇರುವುದು ಅಪರೂಪ. ಎರಡು ಮೂರು ಜನ, ಟ್ರೈಪಾಡ್ ಮೇಲೆ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣ, ಅಷ್ಟೆ. ಒಬ್ಬರು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಉಪಕರಣಕ್ಕೆ ಒತ್ತಿಕೊಂಡಿರುತ್ತಾರೆ. ಇನ್ನೊಬ್ಬರು ಪ್ರಿಸಂ ಕೋಲನ್ನು ನೆಟ್ಟಗೆ ಹಿಡಿದು ಅದರ ಮಟ್ಟ ತೋರಿಸುವ ಗುಳ್ಳೆಯನ್ನೇ ನೋಡುತ್ತಿರುತ್ತಾರೆ. ಬೆನ್ನ ಹಿಂದೆ ಬರುವ ಲಾರಿಯನ್ನು ಇವರು ನೋಡಲಾರರು. ಲಾರಿಯವನೇ ಇವರನ್ನು ನೋಡಬೇಕು.

ಗಂಟೆಗೆ 100 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡಿ ಕಂಡು ಬ್ರೇಕ್ ತುಳಿಯಲು, ರಸ್ತೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಿಡಿಯುವ ಲೆಕ್ಕ 2.5 ಸೆಕೆಂಡ್. ಅಷ್ಟರಲ್ಲೇ 70 ಮೀಟರ್ ಕಳೆಯಿತು. ಪೂರ್ತಿ ನಿಲ್ಲಲು ಬೇಕೆಂದು ಅದು ಹೇಳುವ ದೂರ 180 ಮೀಟರ್. ಅಲ್ಲಿಂದಲೇ ಮನುಷ್ಯ ಮನುಷ್ಯನೆಂದು ಗೊತ್ತಾಗಬೇಕು.

ಹಗಲಲ್ಲಿ ಆ ಕೆಲಸ ರಿಫ್ಲೆಕ್ಟರ್ ಜಾಕೆಟ್ಟಿನ ಬಟ್ಟೆಯದು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ, ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುವ ಬಣ್ಣ ಅದು. ರಾತ್ರಿ ಹೆಡ್‌ಲೈಟಿನಲ್ಲಿ ಆ ಬಣ್ಣ ಮಂಕಾಗುತ್ತದೆ. ಆಗ ಬೆಳ್ಳಿ ಪಟ್ಟಿಯ ಸರದಿ: ಅದರ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ದಾರಿಯಲ್ಲೇ ಚಾಲಕನತ್ತ ಹಿಂದಿರುಗಿಸುತ್ತವೆ. ಸರ್ವೆಯರ್‌ಗೆ ಇದು ಹೊಸದಲ್ಲ. ಟೋಟಲ್ ಸ್ಟೇಷನ್ನಿನ ಕಿರಣವನ್ನು ಅವರ ಪ್ರಿಸಂ ಮರಳಿಸುವುದೂ ಹೀಗೆಯೇ.

ಬಣ್ಣ ಆರಿಸುವಾಗ ಜಾಗ ನೋಡಬೇಕು. ಶಿರಾಡಿ ಘಾಟಿಯ ಮಳೆಗಾಲದ ಹಸಿರಿನಲ್ಲಿ ಹಳದಿ-ಹಸಿರು ಜಾಕೆಟ್ ಕಾಡಿನೊಳಗೇ ಬೆರೆತುಹೋಗಬಹುದು; ಅಲ್ಲಿ ಕಿತ್ತಳೆ ಮೇಲು. ಬಯಲುಸೀಮೆಯಲ್ಲಿ ಕೆಂಪು ಮಣ್ಣು ಅಗೆದ ಕಡೆ, ಕಿತ್ತಳೆ ಕೋನ್‌ಗಳ ನಡುವೆ, ಹಳದಿ-ಹಸಿರೇ ಎದ್ದು ಕಾಣುತ್ತದೆ.

ಬೀದಿಬದಿಯಲ್ಲಿ ಸಿಗುವ ತೆಳು ಬಲೆಯ ಜಾಕೆಟ್ ಹಾಕಿಸಿ ಕೈತೊಳೆದುಕೊಳ್ಳುವುದನ್ನು ಮಾತ್ರ ಒಪ್ಪಲಾಗದು. ಐಎಸ್‌ಒ 20471 ಮಾನದಂಡದ ಎರಡನೇ ದರ್ಜೆಗೆ ಕನಿಷ್ಠ 0.50 ಚದರ ಮೀಟರ್ ಹೊಳೆಯುವ ಬಟ್ಟೆ, 0.13 ಚದರ ಮೀಟರ್ ಪಟ್ಟಿ ಇರಲೇಬೇಕು. ಒಳ್ಳೆಯ ಜಾಕೆಟ್ಟೂ ಧೂಳು ಕುಡಿದರೆ, ಬಣ್ಣ ಮಾಸಿದರೆ ಮುಗಿಯಿತು, ಬದಲಿಸಲೇಬೇಕು. ಫೀಲ್ಡ್ ಬುಕ್, ಪೇಂಟ್ ಡಬ್ಬಿ, ಟೇಪಿಗೆ ಅದರಲ್ಲೇ ಜೇಬು ಬೇಕು. ಇಲ್ಲವಾದರೆ ಹೆಗಲಿಗೆ ಚೀಲ ಬರುತ್ತದೆ, ಚೀಲದ ಪಟ್ಟಿ ಬೆಳ್ಳಿ ಪಟ್ಟಿಯನ್ನೇ ಮುಚ್ಚುತ್ತದೆ. ಹೆಗಲು, ಪಕ್ಕೆಗಳಲ್ಲಿ ವೆಲ್ಕ್ರೊ ಇದ್ದರೆ ಇನ್ನೂ ಒಳ್ಳೆಯದು: ವಾಹನದ ಕನ್ನಡಿಗೆ ಸಿಕ್ಕಿಕೊಂಡರೂ ಜಾಕೆಟ್ ಕಳಚಿಹೋಗುತ್ತದೆ, ಮನುಷ್ಯನನ್ನು ಎಳೆಯುವುದಿಲ್ಲ.

ಜಾಕೆಟ್ ಕೊನೆಯ ರಕ್ಷಣೆ ಮಾತ್ರ. ಟ್ರೈಪಾಡ್ ನಿಲ್ಲಿಸುವ ಮೊದಲೇ ಕೋನ್‌ಗಳು ಸಾಲಾಗಿ ನಿಂತಿರಬೇಕು, ವಾಹನಗಳನ್ನಷ್ಟೇ ನೋಡುವ ಒಬ್ಬರು ಬಾವುಟ ಹಿಡಿದು ಜೊತೆಗಿರಬೇಕು. ಸರ್ವೆ ಟೆಂಡರ್‌ನಲ್ಲಿ ಆ ಒಬ್ಬರ ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ಲೋಕೋಪಯೋಗಿ ಇಲಾಖೆಯನ್ನು ಕೇಳುತ್ತೇನೆ.